ರಾತ್ರಿ ಹೊತ್ತು ಮಗು ಕೆಮ್ಮಿದರೆ: ಬಾಟಲಿ ಹುಡುಕುವ ಮೊದಲು ಉಸಿರು ಎಣಿಸಿ

"ಹಗಲೆಲ್ಲ ಚೆನ್ನಾಗಿ ಆಡ್ಕೊಂಡು ಇರ್ತಾನೆ. ಮಲಗಿದ ಕೂಡಲೇ ಕೆಮ್ಮು ಶುರು. ಯಾವ ಸಿರಪ್ ಕೊಡ್ಲಿ?"

ಮಳೆಗಾಲ ಹಿಡಿದಾಗ ಒಮ್ಮೆ, ಧನುರ್ಮಾಸದ ಚಳಿಗೆ ಇನ್ನೊಮ್ಮೆ, ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಅದಕ್ಕೇ ಒಂದು ಸಲ ಕೂತು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಸಿರಪ್ಪಿನ ಹೆಸರು ಬೇಕು ಅಂತ ಬಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಇಲ್ಲಿ ಒಂದೂ ಸಿಗುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇದು ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಬರೆದದ್ದು.

ರಾತ್ರಿಯೇ ಯಾಕೆ ಜಾಸ್ತಿ? ಮಗು ಎದ್ದು ಓಡಾಡುವಾಗ ಸಿಂಬಳ ಮೂಗಿನಿಂದ ಹೊರಗೆ ಸುರಿಯುತ್ತದೆ, ಇಲ್ಲವೇ ಮಗು ಅದನ್ನು ಗೊತ್ತಿಲ್ಲದೆ ನುಂಗಿಕೊಂಡು ಆಟ ಮುಂದುವರಿಸುತ್ತದೆ. ಮಲಗಿದಾಗ ಅದೇ ಸಿಂಬಳ ಮೂಗಿನ ಹಿಂಬದಿಯಿಂದ ಗಂಟಲಿಗೆ ಇಳಿಯುತ್ತದೆ. ಗಂಟಲಲ್ಲಿ ಕಚಗುಳಿ ಇಟ್ಟ ಹಾಗಾಗಿ ಕೆಮ್ಮು ಬರುತ್ತದೆ. ಮೂಗು ಕಟ್ಟಿದ್ದರೆ ಬಾಯಲ್ಲಿ ಉಸಿರಾಡುತ್ತದೆ, ಗಂಟಲು ಒಣಗುತ್ತದೆ, ಮತ್ತೆ ಕೆಮ್ಮು. ಇದರ ಜೊತೆಗೆ ಬೆಳಗಿನ ಜಾವ ಎಲ್ಲರ ಶ್ವಾಸನಾಳವೂ ಸ್ವಲ್ಪ ಕಿರಿದಾಗುತ್ತದೆ. ದೊಡ್ಡವರಿಗೆ ಅದು ಗೊತ್ತೇ ಆಗುವುದಿಲ್ಲ. ಮಗುವಿನ ನಾಳ ಮೊದಲೇ ಸಣ್ಣದು, ಸ್ವಲ್ಪ ಊತ ಬಂದರೂ ಸಾಕು.

ಇನ್ನೊಂದು ಲೆಕ್ಕ ತಿಳಿದಿರಲಿ. ಅಂಗನವಾಡಿಗೋ ಪ್ಲೇಹೋಮಿಗೋ ಹೋಗುವ ಮಗುವಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಆಗುವುದು ಮಾಮೂಲು. ಪ್ರತಿ ನೆಗಡಿಯ ಕೆಮ್ಮು ಅರ್ಧದಷ್ಟು ಮಕ್ಕಳಲ್ಲಿ 10 ದಿನಕ್ಕೆ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವಾಸಿಯಾಗಿದೆ ಅನ್ನಬೇಕಾದರೆ 25 ದಿನ ಕಾಯಬೇಕು. ಅಂದರೆ ವರ್ಷದಲ್ಲಿ ಮೂರು ತಿಂಗಳು ಕೆಮ್ಮಿದರೂ ಅದು ಬರೀ ನೆಗಡಿಯೇ ಆಗಿರಬಹುದು. "ಇವನಿಗೆ ಯಾವಾಗಲೂ ಕೆಮ್ಮೇ" ಅನ್ನುವ ಅಮ್ಮಂದಿರ ಮಾತು ಸುಳ್ಳಲ್ಲ, ಆದರೆ ಬಹಳ ಸಲ ಅದು ಕಾಯಿಲೆಯ ಗುರುತೂ ಅಲ್ಲ.

ಹತ್ತಿರ ಇಟ್ಟುಕೊಳ್ಳಬೇಕಾದ್ದು: ಸೆಕೆಂಡು ತೋರಿಸುವ ಗಡಿಯಾರ ಅಥವಾ ಫೋನು, ಥರ್ಮಾಮೀಟರ್, ಮೂಗಿಗೆ ಬಿಡುವ ಉಪ್ಪುನೀರಿನ ಡ್ರಾಪ್ಸ್ (ಮೆಡಿಕಲ್ ಶಾಪಿನಲ್ಲಿ ಸಲೈನ್ ನೇಸಲ್ ಡ್ರಾಪ್ಸ್ ಅಂತ ಕೇಳಿ, 0.65 ಶೇಕಡಾದ್ದು), ಒಂದು ವರ್ಷ ದಾಟಿದ ಮಗುವಿದ್ದರೆ ಜೇನುತುಪ್ಪ. ಅಷ್ಟೇ.

1. ಮೊದಲು ಉಸಿರು ಎಣಿಸಿ

ಮಗು ಕೆಮ್ಮಿದ ಸದ್ದಿಗೆ ಎದ್ದಿರಿ. ಲೈಟು ಹಾಕಬೇಡಿ. ಫೋನಿನ ಟಾರ್ಚನ್ನು ಗೋಡೆಗೆ ತಿರುಗಿಸಿ ಇಡಿ, ಅಷ್ಟು ಬೆಳಕು ಸಾಕು. ಕೆಮ್ಮಿನ ಅಲೆ ನಿಂತು ಮಗು ಮತ್ತೆ ನಿದ್ದೆಗೆ ಜಾರುವವರೆಗೆ ಕಾಯಿರಿ. ಆಮೇಲೆ ಅಂಗಿಯನ್ನು ಮೆಲ್ಲಗೆ ಎದೆವರೆಗೆ ಎತ್ತಿ. ಹೊಟ್ಟೆ ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ 60 ಸೆಕೆಂಡು ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಬುದ್ಧಿವಂತಿಕೆ ಇಲ್ಲಿ ಬೇಡ. ಎಳೆ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ನಾಲ್ಕೈದು ಬೇಗ ಬೇಗ ಬಂದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ, ನಮ್ಮ ಆಶಾ ಕಾರ್ಯಕರ್ತೆಯರೂ ಬಳಸುವ ಗಡಿ ಹೀಗಿದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ನ್ಯುಮೋನಿಯಾ, ಅಂದರೆ ಶ್ವಾಸಕೋಶಕ್ಕೇ ಸೋಂಕು ತಗುಲಿರುವುದರ ಮೊದಲ ಸುಳಿವು ಇದೇ ಆಗಿರಬಹುದು. ಕೆಮ್ಮಿನ ಸದ್ದು ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಈ ಸಂಖ್ಯೆಗೆ ಬೆಲೆ ಜಾಸ್ತಿ.

ಎಚ್ಚರ: ಅಳುವಾಗ, ಹಾಲು ಕುಡಿಯುವಾಗ, ಕೆಮ್ಮಿದ ಬೆನ್ನಿಗೇ ಎಣಿಸಿದರೆ ಸಂಖ್ಯೆ ಸುಮ್ನೆ ಏರಿರುತ್ತದೆ. ಜ್ವರ ಇದ್ದರೂ ಏರುತ್ತದೆ. ಗಡಿ ದಾಟಿದ ಹಾಗೆ ಕಂಡರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಎರಡನೇ ಸಲವೂ ದಾಟಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ನಂಬಿ ಕೂರಬೇಡಿ. ಅದು ದೊಡ್ಡವರ ಬೆರಳಿನ ಅಳತೆಗೆ ಮಾಡಿದ್ದು, ಕಾಲುಗುರಿನಷ್ಟು ಬೆರಳಿಗೆ ಹಾಕಿದರೆ ಬಾಯಿಗೆ ಬಂದದ್ದು ತೋರಿಸುತ್ತದೆ.

2. ಈ ಗುರುತುಗಳಿದ್ದರೆ ಬೆಳಗಾಗುವವರೆಗೆ ಕಾಯಬೇಡಿ

ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಅಥವಾ ಕತ್ತಿನ ಕುಳಿಯಲ್ಲಿ ಚರ್ಮ ಒಳಕ್ಕೆ ಹೋಗುವುದು. ಮೂಗಿನ ಹೊಳ್ಳೆ ಅರಳುವುದು. ಪ್ರತಿ ಉಸಿರಿಗೂ ನರಳುವುದು. ತುಟಿ, ನಾಲಿಗೆ ನೀಲಿಯಾಗುವುದು, ಅಥವಾ ಕಪ್ಪು ಮೈಬಣ್ಣದ ಮಕ್ಕಳಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು. ಎದೆಹಾಲು ಕುಡಿಯಲೂ ಆಗದಷ್ಟು ಸುಸ್ತು. ಎಬ್ಬಿಸಿದರೂ ಸರಿಯಾಗಿ ಏಳದಿರುವುದು. ಉಸಿರಿನ ನಡುವೆ ಹತ್ತು ಸೆಕೆಂಡಿಗೂ ಜಾಸ್ತಿ ನಿಲ್ಲುವುದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ. ಇವುಗಳಲ್ಲಿ ಒಂದಿದ್ದರೂ ಹೊರಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಪಕ್ಕೆ ಒಳಕ್ಕೆ ಎಳೆದುಕೊಂಡರೆ ಹೊಟ್ಟೆಗೆ ಬರೆ ಹಾಕಿಸುವ ರೂಢಿ ಕೆಲವು ಕಡೆ ಇನ್ನೂ ಉಳಿದಿದೆ. ಮಗುವಿಗೆ ಬೇಕಾಗಿರುವುದು ಆಕ್ಸಿಜನ್, ಸುಟ್ಟ ಗಾಯ ಅಲ್ಲ. ಹಿರಿಯರು ಎಷ್ಟೇ ಒತ್ತಾಯ ಮಾಡಿದರೂ ಆಸ್ಪತ್ರೆ ದಾರಿ ಹಿಡಿಯಿರಿ.

3. ಕೆಮ್ಮಿನ ಸದ್ದು ಕೇಳಿಸಿಕೊಳ್ಳಿ, ರೆಕಾರ್ಡ್ ಮಾಡಿ

ಉಸಿರು ಸರಿ ಇದೆ ಅಂದಮೇಲೆ ಕಿವಿಗೆ ಕೆಲಸ. ಫೋನಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿ, ಎದೆ ಮತ್ತು ಮುಖ ಎರಡೂ ಕಾಣುವ ಹಾಗೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದರೆ ಮಗು ಅಲ್ಲಿ ನಗುನಗುತ್ತಾ ಸ್ಟೆತಸ್ಕೋಪ್ ಎಳೆಯುತ್ತಿರುತ್ತದೆ, ಕೆಮ್ಮು ನಾಪತ್ತೆ. ಆಗ ಈ ಒಂದು ನಿಮಿಷ ಹತ್ತು ಮಾತಿಗಿಂತ ಉಪಯೋಗಕ್ಕೆ ಬರುತ್ತದೆ.

ಗೊರಗೊರ ಅನ್ನುವ ಹಸಿ ಕೆಮ್ಮು, ಜೊತೆಗೆ ಮೂಗಲ್ಲಿ ಸಿಂಬಳ: ಬಹುಪಾಲು ನೆಗಡಿಯದ್ದೇ. ಬೆನ್ನ ಮೇಲೆ ಕೈ ಇಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅನ್ನಿಸುತ್ತದೆ, "ಎದೆ ಕಟ್ಟಿದೆ" ಅಂತ ಗಾಬರಿಯಾಗುತ್ತೇವೆ. ಆ ಸದ್ದು ಹೆಚ್ಚಿನ ಸಲ ಗಂಟಲು, ಮೂಗಿನದ್ದು. ಮೂಗು ಸ್ವಚ್ಛ ಮಾಡಿದ ಮೇಲೆ ಇನ್ನೊಮ್ಮೆ ಕೈ ಇಟ್ಟು ನೋಡಿ.

ಉಸಿರು ಬಿಡುವಾಗ ಸುಂಯ್ ಅನ್ನುವ ಸಿಳ್ಳೆ ಸದ್ದು: ಇದು ಗೂರಲಿನ ಜಾತಿ. ಸಣ್ಣ ನಾಳಗಳು ಬಿಗಿದಿವೆ ಎಂದರ್ಥ.

ನಾಯಿ ಬೊಗಳಿದ ಹಾಗೆ ಒಣ ಕೆಮ್ಮು, ಗೊಗ್ಗರು ದನಿ, ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು: ಇದಕ್ಕೆ ಡಾಕ್ಟರುಗಳು ಕ್ರೂಪ್ ಅನ್ನುತ್ತಾರೆ. ದನಿಪೆಟ್ಟಿಗೆಯ ಸುತ್ತ ಊತ ಬಂದು ಹೀಗಾಗುತ್ತದೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲಿ ಜಾಸ್ತಿ. ಸಂಜೆವರೆಗೆ ಚೆನ್ನಾಗಿದ್ದ ಮಗು ನಡುರಾತ್ರಿ ಎದ್ದು ಬೊಗಳತೊಡಗಿದರೆ ಮನೆಮಂದಿಯೆಲ್ಲ ಹೆದರುತ್ತಾರೆ. ಹೆದರಿಕೆ ಮಗುವಿಗೂ ಅಂಟುತ್ತದೆ, ಅತ್ತಷ್ಟೂ ಉಸಿರು ಬಿಗಿಯುತ್ತದೆ. ಎತ್ತಿಕೊಂಡು ನೆಟ್ಟಗೆ ಕೂರಿಸಿ, ಬೆಚ್ಚಗೆ ಹೊದಿಸಿ ಬಾಲ್ಕನಿಯಲ್ಲೋ ಜಗಲಿಯಲ್ಲೋ ಹತ್ತು ನಿಮಿಷ ತಣ್ಣನೆಯ ಗಾಳಿಗೆ ನಿಲ್ಲಿ. ಚಳಿಗಾಳಿ ತಾಕಿದರೆ ಕೆಮ್ಮು ಏರುತ್ತೆ ಅನ್ನುವುದು ನಮ್ಮ ನಂಬಿಕೆ, ಆದರೆ ಕ್ರೂಪ್‌ನಲ್ಲಿ ಅದೇ ಊತ ಇಳಿಸುತ್ತದೆ. ಸುಮ್ಮನೆ ಮಲಗಿದ್ದಾಗಲೂ ಆ ಕರ್ಕಶ ಸದ್ದು ಬರುತ್ತಿದ್ದರೆ, ಜೊಲ್ಲು ಸುರಿಸುತ್ತಾ ನುಂಗಲು ಆಗದಿದ್ದರೆ ಆಸ್ಪತ್ರೆಗೆ ಹೋಗಿ.

ಇಲ್ಲಿ ನಮ್ಮ ಭಾಷೆಯೇ ಒಂದು ಗೊಂದಲ ಮಾಡಿಟ್ಟಿದೆ. ಬೊಗಳುವ ಕೆಮ್ಮು ಕ್ರೂಪ್, ಆದರೆ "ನಾಯಿಕೆಮ್ಮು" ಅನ್ನುವುದು ಬೇರೆಯೇ ಕಾಯಿಲೆ, ಪರ್ಟುಸಿಸ್. ನಾಯಿಕೆಮ್ಮಿನಲ್ಲಿ ಉಸಿರಿಗೂ ಬಿಡುವು ಕೊಡದೆ ಸಾಲಾಗಿ ಕೆಮ್ಮಿ, ಮುಖ ಕೆಂಪೇರಿ, ಕೊನೆಗೆ ಊಪ್ ಅಂತ ಉಸಿರೆಳೆದು ವಾಂತಿಯಾಗುತ್ತದೆ. ಎಳೆ ಕೂಸುಗಳು ಊಪ್ ಅನ್ನುವುದೂ ಇಲ್ಲ, ಕೆಮ್ಮುತ್ತಾ ಉಸಿರೇ ನಿಂತು ನೀಲಿಯಾಗಬಹುದು. ತಾಯಿ ಕಾರ್ಡ್ ತೆಗೆದು ನೋಡಿ: ನಾಯಿಕೆಮ್ಮು ತಡೆಯುವ ಲಸಿಕೆಗಳಾದ 6, 10, 14 ವಾರದ ಪೆಂಟಾವೇಲೆಂಟ್ ಚುಚ್ಚುಮದ್ದು, 16ರಿಂದ 24 ತಿಂಗಳಲ್ಲಿ ಮತ್ತು ಐದಾರು ವರ್ಷಕ್ಕೆ ಡಿಪಿಟಿ ಬೂಸ್ಟರ್ ಆಗಿದೆಯಾ? ಬೂಸ್ಟರ್ ತಪ್ಪಿಸಿಕೊಂಡ ಮಕ್ಕಳು ಬಹಳ.

ನೆಗಡಿ, ಜ್ವರ ಏನೂ ಇಲ್ಲದೆ ಆಡುತ್ತಾ, ತಿನ್ನುತ್ತಾ ಇದ್ದ ಮಗು ಒಮ್ಮೆ ಉಸಿರುಗಟ್ಟಿದ ಹಾಗೆ ಮಾಡಿ ಆಮೇಲೆ ಕೆಮ್ಮು ಹಿಡಿದರೆ: ಕಡಲೆಬೀಜ, ಹುಣಸೆಬೀಜ, ಸೀತಾಫಲದ ಬೀಜ, ಅಡಿಕೆ ಚೂರು ಶ್ವಾಸನಾಳಕ್ಕೆ ಹೋಗಿರಬಹುದು. ಆಮೇಲೆ ಎರಡು ದಿನ ಚೆನ್ನಾಗಿಯೇ ಇದ್ದು ಮತ್ತೆ ಕೆಮ್ಮು ಶುರುವಾಗುವುದೂ ಉಂಟು. ಬೆರಳು ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇಂಥ ಘಟನೆ ನಡೆದಿದ್ದರೆ ಡಾಕ್ಟರು ಕೇಳುವ ಮೊದಲೇ ಹೇಳಿ.

4. ಮೂಗು ಬಿಡಿಸಿ, ಆಮೇಲೆ ಜೇನು

ರಾತ್ರಿ ಕೆಮ್ಮಿನ ಅರ್ಧ ಕೆಲಸ ಮೂಗಿನಲ್ಲೇ ಮುಗಿಯುತ್ತದೆ. ಮಲಗಿಸುವ ಕಾಲು ಗಂಟೆ ಮೊದಲು ಮಗುವನ್ನು ಮಡಿಲಲ್ಲಿ ಅಂಗಾತ ಹಾಕಿಕೊಂಡು ಒಂದೊಂದು ಹೊಳ್ಳೆಗೆ ಎರಡು ಹನಿ ಉಪ್ಪುನೀರು ಬಿಡಿ. ಒಂದು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಕೂಸಾದರೆ ಹಾಲುಣಿಸುವ ಮೊದಲೂ ಹೀಗೆ ಮಾಡಿ, ಮೂಗು ಕಟ್ಟಿದ ಕೂಸಿಗೆ ಹಾಲು ಎಳೆಯಲು ಆಗುವುದಿಲ್ಲ. ಇದು ಔಷಧಿ ಅಲ್ಲ, ಬರೀ ಉಪ್ಪುನೀರು. ದಿನಕ್ಕೆ ನಾಲ್ಕೈದು ಸಲ ಬಿಟ್ಟರೂ ತೊಂದರೆ ಇಲ್ಲ. ಮೂಗು ಬಿಡಿಸುವ ಔಷಧಿ ಇರುವ ಡ್ರಾಪ್ಸ್ ಬೇರೆ, ಅದನ್ನು ಡಾಕ್ಟರು ಹೇಳದೆ ಹಾಕಬೇಡಿ. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ ಅಂತಷ್ಟೇ ಇರಬೇಕು.

ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಅರ್ಧ ಗಂಟೆ ಮೊದಲು ಅರ್ಧ ಟೀ ಚಮಚ, ಅಂದರೆ 2.5 ಎಂಎಲ್ ಜೇನುತುಪ್ಪ. ಹಾಗೇ ನೆಕ್ಕಿಸಿ, ಅಥವಾ ಉಗುರುಬೆಚ್ಚಗಿನ ನೀರಲ್ಲಿ ಕಲಸಿ. ಹಲ್ಲು ಬಂದಿದ್ದರೆ ಆಮೇಲೆ ಉಜ್ಜಿಸಿ. ರಾತ್ರಿ ಕೆಮ್ಮು ಇಳಿಸುವುದರಲ್ಲಿ ಜೇನು ಅಂಗಡಿ ಸಿರಪ್ಪಿಗೆ ಏನೂ ಕಡಿಮೆ ಇಲ್ಲ ಅನ್ನುವುದು ಪರೀಕ್ಷೆ ಮಾಡಿ ನೋಡಿದ ಮಾತು, ಅಜ್ಜಿ ಮಾತಷ್ಟೇ ಅಲ್ಲ. ದೊಡ್ಡಪತ್ರೆ ಬಾಡಿಸಿ ರಸ ಹಿಂಡಿ ಒಂದೆರಡು ಹನಿ ಜೇನಿಗೆ ಬೆರೆಸುವ ಮನೆಗಳ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಗುಣ ಕೊಟ್ಟಿದ್ದು ಜೇನು ಅಂತ ಮನಸ್ಸಲ್ಲೇ ಅಂದುಕೊಳ್ಳುತ್ತೇನೆ.

ಎಚ್ಚರ: ಒಂದು ವರ್ಷದೊಳಗೆ ಜೇನು ಒಂದು ಹನಿಯೂ ಬೇಡ. ಹುಟ್ಟಿದ ಕೂಸಿನ ನಾಲಿಗೆಗೆ ಜೇನು ಸವರುವುದೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಎಳೆ ಕರುಳಲ್ಲಿ ಬೆಳೆದು ವಿಷ ಬಿಡುತ್ತವೆ, ಮಗುವಿನ ಸ್ನಾಯುಗಳೆಲ್ಲ ಸಡಿಲವಾಗಿಬಿಡುತ್ತವೆ. ಬೊಟುಲಿಸಂ ಅನ್ನುವುದು ಇದಕ್ಕೇ. ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ. ಕೂಸುಗಳಿಗೆ ಎದೆಹಾಲೇ ಸಾಕು, ಸ್ವಲ್ಪ ಸ್ವಲ್ಪ, ಪದೇ ಪದೇ.

ತಲೆ ಎತ್ತರ ಮಾಡಲು ದಿಂಬು ಇಡಬೇಕಾ? ಒಂದು ವರ್ಷದೊಳಗೆ ಬೇಡವೇ ಬೇಡ. ಮುಖ ಮುಚ್ಚಿ ಉಸಿರುಗಟ್ಟುವ ಅಪಾಯ ಕೆಮ್ಮಿಗಿಂತ ದೊಡ್ಡದು. ತೀರಾ ಕಷ್ಟವಾದರೆ ಸ್ವಲ್ಪ ಹೊತ್ತು ಹೆಗಲಿಗೆ ಹಾಕಿಕೊಳ್ಳಿ, ನಿದ್ದೆ ಬಂದಮೇಲೆ ಸಮತಟ್ಟಾದ ಹಾಸಿಗೆಗೆ ಇಳಿಸಿ. ಬಾಟಲಿ ಹಾಲು ಬಾಯಲ್ಲಿಟ್ಟುಕೊಂಡೇ ಮಲಗುವ ಅಭ್ಯಾಸ ಇದ್ದರೆ ಅದನ್ನೂ ಬಿಡಿಸಿ, ಹಾಲು ಗಂಟಲಿಗೆ ವಾಪಸ್ ಬಂದು ಕೆಮ್ಮು ಎಬ್ಬಿಸುತ್ತದೆ.

5. ಮಲಗುವ ಕೋಣೆಯನ್ನು ಮೂಗಿನಿಂದ ನೋಡಿ

ಹೊರಗೆ ಹೋಗಿ ಐದು ನಿಮಿಷ ಬಿಟ್ಟು ಕೋಣೆಗೆ ಬನ್ನಿ. ಏನು ವಾಸನೆ ಬರುತ್ತದೆ? ಬತ್ತಿ, ಧೂಪ, ಬೂಷ್ಟು, ಪೇಂಟು, ಸಿಗರೇಟು? ವಾಸನೆ ಬಂದರೆ ಮಗುವಿನ ಎದೆಗೂ ಅದು ಹೋಗುತ್ತಿದೆ. ಮುಚ್ಚಿದ ಕೋಣೆಯಲ್ಲಿ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮ ಕಣಗಳು 75ಕ್ಕೂ ಹೆಚ್ಚು ಸಿಗರೇಟಿಗೆ ಸಮ ಅಂತ ಅಳೆದು ನೋಡಿದ್ದಾರೆ. ಸೊಳ್ಳೆ ಪರದೆ ಕಟ್ಟಿ. ಬಾಣಂತಿ ಕೋಣೆಯಲ್ಲಿ ಕೂಸಿಗೆ ಸ್ನಾನವಾದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ಎಷ್ಟೇ ಘಮಘಮ ಅಂದರೂ ಹೊಗೆ ಹೊಗೆಯೇ. ಬಚ್ಚಲ ಒಲೆ ಉರಿಯುವಾಗ ಮಗುವನ್ನು ಆ ಕಡೆ ಬಿಡಬೇಡಿ. ಅಪ್ಪ ಹೊರಗೆ ಸೇದಿ ಬರುತ್ತಾರೆ ಅಂದರೂ ಅಂಗಿಯಲ್ಲಿ ಬರುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಬೀರುವಿನ ಹಿಂದಿನ ಗೋಡೆ ಒಮ್ಮೆ ನೋಡಿ, ಬೂಷ್ಟು ಅಲ್ಲೇ ಕೂತಿರುತ್ತದೆ. ಮಗುವಿನ ಹಾಸಿಗೆ ಆ ಗೋಡೆಗೆ ತಾಗಿರಬಾರದು. ಹತ್ತಿ ಹಾಸಿಗೆ, ಕಂಬಳಿ, ಕೌದಿ, ಮೆತ್ತನೆ ಗೊಂಬೆಗಳಲ್ಲಿ ಧೂಳಿನ ನುಸಿ ಇರುತ್ತದೆ. ಬಿಸಿಲಿದ್ದ ದಿನ ಒಣಗಿಸಿ, ಮಗು ಹತ್ತಿರ ಇಲ್ಲದಾಗ ಕೊಡವಿ. ಬೆಡ್‌ಶೀಟು, ದಿಂಬಿನ ಕವರು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ.

ಬಾಳೆಹಣ್ಣು, ಮೊಸರು ನಿಲ್ಲಿಸಬೇಕಾ ಅಂತಲೂ ಕೇಳುತ್ತೀರಿ. ಅವು ಕೆಮ್ಮು ತರುವುದಿಲ್ಲ. ಕಾಯಿಲೆ ಬಿದ್ದ ಮಗು ತಿನ್ನುವುದೇ ಎರಡು ತುತ್ತು, ಅದನ್ನೂ ಕಿತ್ತುಕೊಳ್ಳುವುದು ಯಾಕೆ?

6. ಇವನ್ನು ಮಾಡಬೇಡಿ

ಸಿರಪ್ಪಿನ ಮಾತಿಗೆ ಬಂದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಕಿಡ್ನಿ ಕೆಟ್ಟು ತೀರಿಹೋದರು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ಕಾರ್ಖಾನೆಯ ರಾಸಾಯನಿಕ ಸೇರಿತ್ತು. ಆ ಅಕ್ಟೋಬರಿನಲ್ಲೇ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಅದಕ್ಕೂ ಮೊದಲು, 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಒಟ್ಟಿಗಿರುವ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗೆ ಕೊಡಬಾರದು ಅಂತ ಔಷಧ ನಿಯಂತ್ರಕರು ಹೇಳಿದ್ದರು. ಕಲಬೆರಕೆ ಇಲ್ಲದ ಒಳ್ಳೆ ಸಿರಪ್ಪೂ ಈ ವಯಸ್ಸಿನ ಮಕ್ಕಳಿಗೆ ಹೇಳಿಕೊಳ್ಳುವಂಥ ಉಪಕಾರ ಮಾಡುವುದಿಲ್ಲ. ನಿದ್ದೆ ಬರಿಸುತ್ತದೆ, ಕೆಮ್ಮು ಕಡಿಮೆಯಾಯಿತು ಅಂತ ನಮಗೆ ಅನ್ನಿಸುತ್ತದೆ. ಕಳೆದ ಸಲ ಉಳಿದ ಆಂಟಿಬಯಾಟಿಕ್ ಕೂಡ ಬೇಡ. ನೆಗಡಿ ವೈರಸ್ಸಿನದ್ದು, ಅದಕ್ಕೆ ಆಂಟಿಬಯಾಟಿಕ್ ತಾಗುವುದಿಲ್ಲ.

ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚುವುದು, ಕರ್ಪೂರ ಇರುವ ಬಾಮ್ ಹಚ್ಚುವುದು ಎರಡು ವರ್ಷದೊಳಗೆ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ದೇವರ ಮನೆಯ ಕರ್ಪೂರದ ಡಬ್ಬಿ ಮಗುವಿನ ಕೈಗೆ ಎಟುಕದಿರಲಿ. ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ಮೂಗು ಹಿಡಿದು ಹರಳೆಣ್ಣೆ ಕುಡಿಸುವುದು ಇನ್ನೂ ಕೆಟ್ಟದ್ದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಆಗುವ ನ್ಯುಮೋನಿಯಾ ತಿಂಗಳುಗಟ್ಟಲೆ ಕಾಡುತ್ತದೆ. ಕುದಿಯುವ ನೀರಿನ ಪಾತ್ರೆ ಇಟ್ಟು ಬೆಡ್‌ಶೀಟ್ ಹೊದಿಸಿ ಹಬೆ ಕೊಡುವುದಂತೂ ಸಣ್ಣ ಮಕ್ಕಳಿಗೆ ಬೇಡ. ಒಂದು ಸಲ ಮಗು ಕಾಲು ಝಾಡಿಸಿದರೆ ಮುಗಿಯಿತು.

7. ಡಾಕ್ಟರ ಹತ್ತಿರ ಯಾವಾಗ, ಏನು ಹೇಳಬೇಕು

ಕೆಮ್ಮು ಎರಡು ವಾರ ದಾಟಿ ಇಳಿಯುವ ಲಕ್ಷಣ ಇಲ್ಲದಿದ್ದರೆ ತೋರಿಸಿ. ಜೊತೆಗೆ ಬಿಡದ ಜ್ವರ ಇದ್ದರೆ, ತೂಕ ಏರದಿದ್ದರೆ, ಮನೆಯಲ್ಲಿ ಅಥವಾ ಪಕ್ಕದಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಮುಚ್ಚಿಡಬೇಡಿ. ಮಕ್ಕಳ ಟಿಬಿ ಪತ್ತೆಯಾಗುವುದು ಬಹಳ ಸಲ ಈ ಒಂದು ಮಾತಿನಿಂದಲೇ. ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಒಂದು ವಾರ ಕ್ಯಾಲೆಂಡರಿನ ಖಾಲಿ ಜಾಗದಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಎದ್ದ, ವಾಂತಿ ಆಯಿತಾ, ಸಿಳ್ಳೆ ಸದ್ದು ಇತ್ತಾ, ಅವತ್ತು ಮನೆಯಲ್ಲಿ ಏನು ವಿಶೇಷ. ನಮ್ಮ ಮನೆಯಲ್ಲಿ ಹೀಗೆ ಬರೆದಾಗ ಕೆಮ್ಮಿದ ರಾತ್ರಿಗಳೆಲ್ಲ ಶುಕ್ರವಾರ ಅಂತ ಗೊತ್ತಾಯಿತು. ಶುಕ್ರವಾರ ಮನೆಯೆಲ್ಲ ಧೂಪ ಹಾಕುತ್ತಿದ್ದೆವು.

ನೆಗಡಿ ಇಲ್ಲದಾಗಲೂ ಬೆಳಗಿನ ಜಾವ ಕೆಮ್ಮು, ಓಡಿದರೆ, ನಕ್ಕರೆ ಕೆಮ್ಮು, ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಅಲರ್ಜಿ ಅಥವಾ ದಮ್ಮು, ಮಗುವಿನ ಚರ್ಮದಲ್ಲಿ ಎಕ್ಸಿಮಾ (ತುರಿಸುವ ಒಣ, ಒರಟು ಕಲೆಗಳು): ಇವು ಒಟ್ಟಿಗಿದ್ದರೆ ಡಾಕ್ಟರು ಆಸ್ತಮಾ ಅನ್ನಬಹುದು, ಇನ್‌ಹೇಲರ್ ಬರೆಯಬಹುದು. ಇಲ್ಲೇ ಬಹಳ ಜನ ಹಿಂದೇಟು ಹಾಕುವುದು. "ಒಂದು ಸಲ ಶುರು ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಲ್ವಾ?" ಇಲ್ಲ, ಆಗುವುದಿಲ್ಲ. ಸಿರಪ್ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಇನ್‌ಹೇಲರ್ ನೇರ ಎದೆಗೇ ಹೋಗುತ್ತದೆ, ಹಾಗಾಗಿ ಬಹಳ ಕಡಿಮೆ ಔಷಧಿ ಸಾಕು.

ಸಣ್ಣ ಮಕ್ಕಳಿಗೆ ಅದನ್ನು ಸ್ಪೇಸರ್ ಮೂಲಕವೇ ಕೊಡಬೇಕು. ಸ್ಪೇಸರ್ ಅಂದರೆ ಔಷಧಿಯ ತುಂತುರನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ. ನಾಲ್ಕು ವರ್ಷದೊಳಗಾದರೆ ಅದಕ್ಕೆ ಮಾಸ್ಕ್ ಇರಲಿ. ಮಾಸ್ಕ್ ಮೂಗು, ಬಾಯಿಗೆ ಸಂದಿಲ್ಲದೆ ಕೂರಬೇಕು. ಇನ್‌ಹೇಲರ್ ಅಲ್ಲಾಡಿಸಿ, ಒಂದು ಸಲ ಒತ್ತಿ, ಮಗು ಐದಾರು ಸಲ ಮಾಮೂಲಾಗಿ ಉಸಿರಾಡುವವರೆಗೆ ಹಿಡಿಯಿರಿ. ಎರಡನೇ ಪಫ್ ಇದ್ದರೆ ಮತ್ತೆ ಅಲ್ಲಾಡಿಸಿ, ಮತ್ತೆ ಅದೇ ಕ್ರಮ. ಎರಡನ್ನೂ ಒಟ್ಟಿಗೆ ಒತ್ತಬೇಡಿ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ, ಮುಖ ಒರೆಸಿ. ಸ್ಪೇಸರನ್ನು ಮೊದಲ ಸಲ ಬಳಸುವ ಮುಂಚೆ, ಆಮೇಲೆ ತಿಂಗಳಿಗೊಮ್ಮೆ, ಪಾತ್ರೆ ಸೋಪಿನ ನೀರಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ. ಬಟ್ಟೆ ಹಾಕಿ ಉಜ್ಜಿ ಒರೆಸಿದರೆ ಒಳಗೆ ಸ್ಥಿರ ವಿದ್ಯುತ್ ಹುಟ್ಟಿ, ಔಷಧಿಯೆಲ್ಲ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಮಗುವಿಗೆ ಸಿಗುವುದಿಲ್ಲ.